ಲಂಕೆಗೆ ಹೋದ ತೊಟ್ಟಿಲು

ಮಧುಗಿರಿ

ದೋಸೆಗೆಂದು ಉದ್ದು ರುಬ್ಬುತ್ತಾ ಕೂತಿದ್ದೆ. ಹಿಟ್ಟು ಅರ್ಧ ನುಣ್ಣಗಾಗಿತ್ತು, ಇನ್ನರ್ಧ ಬಾಕಿಯಿತ್ತು. ಅಷ್ಟರಲ್ಲಿ ಜಗುಲಿಯ ಹತ್ತಿರ ಯಾರೋ ಕೆಮ್ಮಿದ ಸದ್ದಾಯಿತು. ನೋಡಿದರೆ ಸಿರಾದ ಬಡಗಿ ಪ್ಯಾರು ಸಾಹೇಬರು. ನಮ್ಮ ಬೀಗರ ಮನೆ ಅವರ ಓಣಿಯಲ್ಲೇ ಇರುವುದರಿಂದ, ಮಧುಗಿರಿಯಲ್ಲಿ ಕೆಲಸ ಬಿದ್ದಾಗಲೆಲ್ಲ ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯ ಸುದ್ದಿ ಅಲ್ಲಿಗೆ ತರುವವರು ಅವರೇ.

“ಅಮ್ಮಾ, ನಿಮ್ ಬೀಗರು ಖಬರ್ ಕಳ್ಸವ್ರೆ. ಪದ್ಮಮ್ಮಂಗೆ ಕಾಲು ಊದ್ಕೊಂಡದಂತೆ. ಹಡಗು ಹತ್ಬ್ಯಾಡ ಅಂತ ಅಲ್ಲಿ ಡಾಕ್ಟ್ರು ಅಂದವ್ರಂತೆ. ಹುಡುಗಿ ಬರಂಗಿಲ್ಲ. ತಾಯೇ ಹೋಗ್ಬೇಕಂತೆ.”

ಪದ್ಮಾವತಿ ನಮ್ಮ ಒಬ್ಬಳೇ ಮಗಳು. ಅಳಿಯ ಶ್ರೀನಿವಾಸ ಸಿರಾದ ಹುಡುಗ. ಲಂಕೆಯ ಗುಡ್ಡಗಾಡಿನ ಒಂದು ಚಹಾ ತೋಟದಲ್ಲಿ ರೈಟರು. ಆಳುಗಳ ಹಾಜರಿಯಿಂದ ಹಿಡಿದು ತೋಟದ ದೊರೆಯ ಹುಕುಂ ನಡೆಸುವವರೆಗೆ ಎಲ್ಲವೂ ಅವನ ತಲೆಯ ಮೇಲೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ನಾನು ಆಗಲೇ ಹಳೇ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದೆ, ಒಳಕೋಣೆಗೆ ಸುಣ್ಣ ಬಳಿಸಿದ್ದೆ. ಸುದ್ದಿ ಕೇಳಿ ಗುಂಡುಕಲ್ಲಿನ ಮೇಲೆ ಕೈ ನಿಂತುಹೋಯಿತು. ಕಣ್ಣಲ್ಲಿ ನೀರು ಬಂತು.

ಅತ್ತೆಯವರು ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. “ಮೊದ್ಲು ರುಬ್ಬೋದು ಮುಗ್ಸೇ. ಹಿಟ್ಟು ಒಣಗ್ತದೆ. ಆಮ್ಯಾಕೆ ಅಳೀವಂತೆ” ಎಂದರು.

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವೂ ಅವರದೇ ಆಯಿತು. ಮೊಮ್ಮಗಳು ತೊಟ್ಟಿಲ ಹತ್ತಿರ ಬರಲಾಗದಿದ್ದರೆ ತೊಟ್ಟಿಲೇ ಅವಳ ಹತ್ತಿರ ಹೋಗಬೇಕು.

ನಮ್ಮ ಮನೆಯ ತೊಟ್ಟಿಲು ಹೊನ್ನೆ ಮರದ್ದು. ಮಾವನವರ ತಂದೆ ಮಾಡಿಸಿದ್ದು. ಮಾವನವರು, ನಮ್ಮ ಯಜಮಾನರು, ಪದ್ಮ ಎಲ್ಲರೂ ಅದರಲ್ಲೇ ಮಲಗಿ ಎದ್ದವರು. ಅದರ ಅಂಚಿನಲ್ಲಿ ಯಾರದೋ ಎಳೆ ಹಲ್ಲಿನ ಗುರುತಿತ್ತು. ಅದು ಮಗನದೆಂದು ಅತ್ತೆ ಎಲ್ಲರಿಗೂ ತೋರಿಸುತ್ತಿದ್ದರು. ಮಗನ ಮೇಲೆ ಸಿಟ್ಟು ಬಂದ ದಿನ ಮಾತ್ರ ಅದು ತಮ್ಮ ಗಂಡನದಾಗಿಬಿಡುತ್ತಿತ್ತು.

ಈ ತೊಟ್ಟಿಲಿಗೆ ಒಂದು ಕಟ್ಟುಪಾಡು ಉಂಟು. ಅದು ಬರಿದಾಗಿ ಹೊಸ್ತಿಲು ದಾಟಬಾರದು. ನೆಂಟರ ಮನೆಗೋ ನೆರೆಮನೆಗೋ ಕೊಡುವಾಗ ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮಗುವಿಗೆ ಸುತ್ತುವಂತೆ ಬಟ್ಟೆ ಸುತ್ತಿ ಅದರೊಳಗೆ ಮಲಗಿಸಿ ಕಳಿಸುವುದು. ಹೆಸರಿಡುವ ದಿನವೂ ಮೊದಲು ಕಲ್ಲು, ಆಮೇಲೆ ಕೂಸು. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಆದರೆ ಇಲ್ಲಿಯವರೆಗೆ ನಮ್ಮ ಗುಂಡುಕಲ್ಲು ಹೋದ ದೂರವೆಂದರೆ ಕೋಟೆ ಬಾಗಿಲ ಬೀದಿ.

ಜೊತೆಗೆ ಬರಲು ಪಾವಗಡದಿಂದ ನನ್ನ ತಮ್ಮ ನರಸಿಂಹ ಬಂದಿದ್ದ. ಕಲ್ಲನ್ನು ಎತ್ತಿ ನೋಡಿ ಕೆಳಗಿಟ್ಟ. “ಅತ್ತೆಮ್ಮ, ಲಂಕೇಲಿ ಕಲ್ಲಿಗೇನ್ ಬರವಾ? ಅಲ್ಲೇ ಒಂದು ಸಿಗ್ತದೆ ಬುಡಿ.”

“ಅಲ್ಲಿನ ಕಲ್ಲು ಅಲ್ಲಿನ ಮಕ್ಕಳಿಗೆ ಕಣ್ಲಾ. ದೂರ ಜಾಸ್ತಿ ಆದ್ರೆ ಶಾಸ್ತ್ರ ಕಮ್ಮಿ ಆಯ್ತದಾ?”

ಯಜಮಾನರು ಮೆಲ್ಲಗೆ, “ಅಲ್ಲಿವರೆಗೂ ದೋಸೆ?” ಎಂದರು.

“ರೊಟ್ಟಿ ತಿನ್ನು” ಎಂದರು ಅತ್ತೆ.

ಪ್ಯಾರು ಸಾಹೇಬರೇ ತೊಟ್ಟಿಲನ್ನು ದಾರಿಗೆ ಸಜ್ಜು ಮಾಡಿದರು. ಸರಪಣಿ ಬಿಚ್ಚಿ ಬೇರೆ ಗಂಟು ಕಟ್ಟಿದರು, ಮೂಲೆಗಳಿಗೆ ಗೋಣಿತಾಟು ಸುತ್ತಿದರು. ಬೆರಳ ಗೆಣ್ಣಿನಿಂದ ತಳವನ್ನು ಬಡಿದು ಕಿವಿಯಿಟ್ಟು ಕೇಳಿ, “ಹೊನ್ನೆ ಅಮ್ಮಾ ಇದು. ನಾನೋಗ್ತೀನಿ, ನೀವೋಗ್ತೀರಿ, ಇದು ಎಲ್ಲಿಗೂ ಹೋಗಲ್ಲ” ಎಂದರು. ನನ್ನ ಟ್ರಂಕಿನಲ್ಲಿ ಬಾಣಂತಿ ಖಾರದ ಪುಡಿ, ಬೆಳ್ಳುಳ್ಳಿ, ಹಳೇ ಸೀರೆ, ಮತ್ತೆ ಮೊಸರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದ ಒಂದು ಬಟ್ಟೆ ತುಂಡು. ಎಲ್ಲಿಗೆ ಹೋದರೂ ಆ ತುಂಡನ್ನು ಹಾಲಿಗೆ ಹಾಕಿದರೆ ನಮ್ಮ ಮನೆಯ ಮೊಸರೇ ಹೆಪ್ಪುಗಟ್ಟುತ್ತದೆ. ವೆಂಕಟರಮಣನ ಗುಡಿಗೆ ಹೋಗಿ ಬಂದು ಬಸ್ಸು ಹತ್ತಿದೆವು.

ಕೊರಟಗೆರೆ

ಪರದೇಶ ಪ್ರಯಾಣ ಕೊರಟಗೆರೆಯಲ್ಲೇ ಕೆಟ್ಟು ನಿಂತಿತು. ಬಸ್ಸಿನ ಹೊಟ್ಟೆಯೊಳಗೆ ಏನೋ ಕಳಚಿತಂತೆ. ಎಲ್ಲರನ್ನೂ ಇಳಿಸಿದರು. ನರಸಿಂಹ ತೊಟ್ಟಿಲನ್ನು ಹೊಂಗೆ ಮರದ ಬುಡದಲ್ಲಿಟ್ಟು ಬೆವರು ಒರೆಸಿಕೊಂಡ.

ಅಂದು ಸಂತೆ. ಸೊಪ್ಪಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ನಮ್ಮ ಮುಂದೆ ನಿಂತರು. ದೊಡ್ಡವಳು ನನ್ನನ್ನು ಗದರಿದಳು. “ಏನಮ್ಮ, ಮಗೀನ ಮಖದ ಮ್ಯಾಗೆ ಅಂಗೆ ಬಟ್ಟೆ ಎಳ್ದಿದ್ದೀಯಲ್ಲ, ಉಸ್ರು ಕಟ್ಟಾಕಿಲ್ವಾ?”

“ಮಗು ಅಲ್ಲ ಕಣಮ್ಮ” ಎಂದು ನಾನು ಹೇಳುವುದರೊಳಗೆ ಅವಳು ಬಟ್ಟೆ ಸರಿಸಿಯೇಬಿಟ್ಟಿದ್ದಳು. ಒಂದು ಗಳಿಗೆ ನೋಡಿದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. “ಯಾವೂರ್ಗೆ ಹೊಂಟದೆ ತೊಟ್ಲು?” ಎಂದಳು.

“ಲಂಕೆಗೆ. ಮಗಳ ಹತ್ರ.”

ಅವಳು ಬುಟ್ಟಿ ಇಳಿಸಿ, ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ತೆಗೆದು ಕಲ್ಲಿನ ಪಕ್ಕದಲ್ಲಿಟ್ಟಳು. “ಗುಂಡಪ್ಪಂಗೆ ದಾರೀಲಿ ಹಸಿವಾದಾತು” ಎಂದು ಬಟ್ಟೆಯನ್ನು ಮೊದಲಿನಂತೆ ಮುಚ್ಚಿ ಹೋದಳು. ಅವಳ ಹೆಸರೂ ಕೇಳಲಿಲ್ಲ ನಾನು. ಬಸ್ಸು ಕೆಟ್ಟದ್ದಕ್ಕೆ ಆಮೇಲೆ ನನಗೆ ಬೇಸರವಾಗಲಿಲ್ಲ. ಕೆಡದಿದ್ದರೆ ಆ ಬೆಲ್ಲ ಎಲ್ಲಿ ಸಿಗುತ್ತಿತ್ತು?

ರೈಲಿನಲ್ಲಿ, ಮಂಡಪದಲ್ಲಿ

ಕನ್ನಡ ಮುಗಿದ ಮೇಲೆ ಗುಂಡಪ್ಪನ ಗುರುತು ಹಿಡಿಯುವವರೂ ಮುಗಿದರು. ತಮಿಳು ಸೀಮೆಯ ರೈಲಿನಲ್ಲಿ ಜನ ಮಗುವಿದೆ ಎಂದು ನಮಗೆ ಕಿಟಕಿಯ ಪಕ್ಕದ ಜಾಗ ಬಿಟ್ಟರು. ಬೇಡವೆಂದು ಕೈ ಆಡಿಸಿದರೆ ಸಂಕೋಚವೆಂದು ತಿಳಿದು ಇನ್ನಷ್ಟು ಸರಿದರು. ಎದುರಿಗೆ ಕೂತ ಒಬ್ಬ ತಾಯಿ ತನ್ನ ಕೂಸಿಗೆ ಹಾಲೂಡಿಸುತ್ತಾ ನನ್ನನ್ನೇ ನೋಡುತ್ತಿದ್ದಳು. ನಾನು ಕೊಡುತ್ತಿಲ್ಲವಲ್ಲ. ನನ್ನ ನರೆತ ತಲೆ ನೋಡಿ ಅಜ್ಜಿಯೆಂದು ಅರ್ಥಮಾಡಿಕೊಂಡಳೋ ಏನೋ, ಕಡೆಗೆ ತೊಟ್ಟಿಲ ಕಡೆ ಕೈ ಚಾಚಿ, ‘ಇಲ್ಲಿ ಕೊಡಿ, ನಾನು ಕುಡಿಸುತ್ತೇನೆ’ ಎಂಬಂತೆ ಸನ್ನೆ ಮಾಡಿದಳು. ಬಟ್ಟೆ ತೆಗೆದು ತೋರಿಸಿದೆ. ಅವಳು ಬೆಚ್ಚಿ ಹಿಂದೆ ಸರಿದು, ತನ್ನ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಇಳಿಯುವವರೆಗೆ ನಮ್ಮ ಕಡೆ ತಿರುಗಲಿಲ್ಲ.

“ನಿಂಗೆ ತಲೆ ಕೆಟ್ಟದೆ ಅಂದ್ಕೊಂಡ್ಳು ಕಣಕ್ಕ” ಎಂದ ನರಸಿಂಹ.

“ಇದನ್ನ ಹೊತ್ತಿರೋನು ನೀನು” ಎಂದೆ.

ಸಮುದ್ರದ ದಂಡೆಗೆ ಮುಂಚೆ ಮಂಡಪವೆಂಬಲ್ಲಿ ಲಂಕೆಗೆ ಹೋಗುವವರನ್ನೆಲ್ಲ ನಿಲ್ಲಿಸಿ, ಕಣ್ಣು ನಾಲಿಗೆ ನೋಡಿ, ಸಿಡುಬಿನ ಚುಚ್ಚುಮದ್ದಿನ ಗುರುತಿದೆಯೇ ಎಂದು ತೋಳು ನೋಡುತ್ತಾರೆ. ನಮ್ಮ ಸರದಿ ಬಂದಾಗ ಅಲ್ಲಿಯ ಅಧಿಕಾರಿ ತೊಟ್ಟಿಲ ಕಡೆ ಬೆರಳು ಮಾಡಿದರು. ಪಕ್ಕದಲ್ಲಿದ್ದ ದುಭಾಷಿ ತೆಲುಗಿನಲ್ಲಿ, ಮಗುವಿನ ತೋಳು ತೋರಿಸಿ ಎಂದ.

ನರಸಿಂಹ ಕೈಮುಗಿದು, “ಸ್ವಾಮಿ, ಇದುಕ್ಕೆ ತೋಳಿಲ್ಲ” ಎಂದ.

ಅಧಿಕಾರಿಯ ಮುಖ ಸಣ್ಣಗಾಯಿತು. ಪಾಪ, ಅಂಗವಿಲ್ಲದ ಕೂಸು ಅಂದುಕೊಂಡಿರಬೇಕು. ಎದ್ದು ಬಂದು ತಾವೇ ಬಟ್ಟೆ ಸರಿಸಿದರು. ಆಮೇಲೆ ನಮ್ಮಿಬ್ಬರನ್ನೂ ನೋಡಿದರು. ನಾನು ನನ್ನ ತವರಿನ ತೆಲುಗಿನಲ್ಲಿ ಶಾಸ್ತ್ರ ಹೇಳಿದೆ, ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಎಷ್ಟು ತಲುಪಿತೋ ತಿಳಿಯದು. ಅವರು ಕಲ್ಲಿಗೆ ಮಣ್ಣು ಮೆತ್ತಿದೆಯೇ ಎಂದು ತಿರುಗಿಸಿ ನೋಡಿದರು. ಗಿಡ, ಮಣ್ಣು, ಹಸಿಮರ ದಾಟಿಸುವಂತಿಲ್ಲವಂತೆ. ಇನ್ನೊಬ್ಬರು ತೊಟ್ಟಿಲಿನ ಮೈಮೇಲೆಲ್ಲ ಬೆರಳಾಡಿಸಿ ತೂತಿದೆಯೇ ಎಂದು ಹುಡುಕಿದರು. ಒಂದೂ ಇರಲಿಲ್ಲ. ಮರದಲ್ಲಿ ತೂತು ಹುಡುಕುವುದು ಯಾಕೆಂದು ಆಗ ನನಗೆ ತಿಳಿಯಲಿಲ್ಲ. ಹಲ್ಲಿನ ಗುರುತಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಅದು ನಮ್ಮ ಯಜಮಾನರದೆಂದು ಹೇಳಬೇಕೆನಿಸಿತು.

ನೀರಿನ ಮೇಲೆ

ಪಾವಗಡದವನಿಗೆ ಸಮುದ್ರ ತೋರಿಸಬಾರದು. ನರಸಿಂಹ ಹಡಗಿನ ಕಟಕಟೆ ಹಿಡಿದು ನಿಂತು ನೀರನ್ನೇ ನೋಡಿದ. ಆಮೇಲೆ, “ಇದ್ರಲ್ಲಿ ಒಂದು ಕೆರೆಯಷ್ಟು ನಮ್ಮ ಕಡೀಕೆ ತಿರುಗಿಸಿದ್ರೆ ಇವ್ರಿಗೆ ಗೊತ್ತೂ ಆಗಾಕಿಲ್ಲ” ಎಂದ.

“ಉಪ್ಪುನೀರು ಕಣೋ.”

“ಉಪ್ಪಾದ್ರೂ ನೀರೇ ತಾನೇ ಅಕ್ಕ.”

ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ತೊಳೆಸಿ ಅವನು ಮಲಗಿಬಿಟ್ಟ. ಗುರುತಿಲ್ಲದ ಒಬ್ಬ ಸಾಬರು ತಮ್ಮ ಚೀಲದಿಂದ ನಿಂಬೆಹಣ್ಣು ಕೊಟ್ಟು ಮೂಸಲು ಹೇಳಿದರು. ನಾನು ರಾಮದೇವರ ಸೇತುವೆ ಕಾಣುತ್ತದೇನೋ ಎಂದು ಕತ್ತು ಉದ್ದ ಮಾಡಿ ಕೂತಿದ್ದೆ. ಕಾಣಲಿಲ್ಲ. ಆದರೆ ಅಷ್ಟೊಂದು ನೀರಿನ ಮೇಲೆ ಒಂದು ಒರಳಿನ ಗುಂಡು ತೇಲಿಕೊಂಡು ಹೋಗುತ್ತಿದೆಯಲ್ಲ, ಅವನ ಹೆಸರಿನಲ್ಲಿ ಕಲ್ಲು ತೇಲಿದ್ದನ್ನು ನಾನೂ ಕಂಡ ಹಾಗಾಯಿತು ಅಂದುಕೊಂಡೆ.

ತೋಟ

ಇಳಿದ ಮೇಲೂ ರೈಲು, ಆಮೇಲೆ ಗುಡ್ಡ, ಗುಡ್ಡದ ಮೇಲೆ ಗುಡ್ಡ. ನಮ್ಮ ಕಡೆ ಬೆಟ್ಟವೆಂದರೆ ಬರಿ ಬಂಡೆ. ಇಲ್ಲಿ ಬೆಟ್ಟಕ್ಕೆ ಬಟ್ಟೆ ಉಡಿಸಿದಂತೆ ಚಹಾ ಗಿಡ, ನಡುನಡುವೆ ನೆರಳಿನ ಮರ. ಮಳೆ ಹೇಳಿಕೇಳಿ ಬರುವುದಲ್ಲ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದು. ಲಂಕೆಯ ಜನ ಎದುರಾದರೆ ನಮ್ಮ ಹಾಗೇ ಕೈಮುಗಿಯುತ್ತಾರೆ, ನಮ್ಮ ಹಾಗೇ ಎಲೆ ಅಡಿಕೆ ಹಾಕುತ್ತಾರೆ, ಆದರೆ ಎಲ್ಲದಕ್ಕೂ ತೆಂಗಿನಕಾಯಿ ಸುರಿಯುತ್ತಾರೆ. ನಮ್ಮಲ್ಲಿ ದೇವರಿಗೆ ಒಡೆಯುವಷ್ಟು ಕಾಯಿ ಅವರಿಗೆ ಒಂದು ಹೊತ್ತಿನ ಪಲ್ಯಕ್ಕೆ.

ಪದ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ನನ್ನನ್ನು ಅಪ್ಪಿಕೊಳ್ಳುವ ಮೊದಲು ತೊಟ್ಟಿಲನ್ನು ನೋಡಿದಳು. “ಗುಂಡೂ ಬಂತಾ? ಅಪ್ಪಂಗೆ ದೋಸೆ?” ಎಂದು ನಕ್ಕು, ಆಮೇಲೆ ಅತ್ತಳು.

ಅಳಿಯ ಅಂದೇ ಸರಪಣಿ ಕಟ್ಟಿ ಮುಂದಿನ ಕೋಣೆಯ ತೊಲೆಗೆ ತೊಟ್ಟಿಲು ತೂಗುಹಾಕಿದ. ಕಲ್ಲನ್ನು ನಾನು ದೇವರ ಗೂಡಿನ ಕೆಳಗಿಟ್ಟೆ. ಬಟ್ಟೆ ತುಂಡಿನಿಂದ ಹೆಪ್ಪು ಹಾಕಿದೆ. ಎರಡನೆಯ ಸಲಕ್ಕೆ ಮೊಸರು ಗಟ್ಟಿಯಾಯಿತು. ಪದ್ಮ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

ಮನೆಯ ಹಿಂದೆ ದೊಡ್ಡ ಹಲಸಿನ ಮರವಿತ್ತು. ಅದರ ತಲೆ ಒಣಗಿತ್ತು. ಇಷ್ಟು ಮಳೆಯಲ್ಲಿ ಮರ ಒಣಗುವುದು ಹೇಗೆಂದು ಕೇಳಿದ್ದಕ್ಕೆ ಅಳಿಯ ಕರೆದುಕೊಂಡು ಹೋಗಿ ತೋರಿಸಿದ. ಬೊಡ್ಡೆಯ ತುಂಬ ದಬ್ಬಳದಿಂದ ಚುಚ್ಚಿದಂತೆ ಸಣ್ಣ ಸಣ್ಣ ತೂತು. ಒಂದೊಂದರ ಬಾಯಲ್ಲೂ ಅಕ್ಕಿಹಿಟ್ಟಿನಂಥ ಪುಡಿ. ಒಂದು ಕೊಂಬೆಯನ್ನು ಮುರಿದ, ಕಡ್ಡಿಯಂತೆ ಮುರಿಯಿತು. ಒಳಗೆ ಎಳ್ಳಿಗಿಂತ ಚಿಕ್ಕದಾದ ಒಂದು ಕಪ್ಪು ದುಂಬಿ.

“ಇದಾ?” ಎಂದೆ. ಇಷ್ಟು ದೊಡ್ಡ ಮರಕ್ಕೆ ಇಷ್ಟು ಚಿಕ್ಕ ವೈರಿಯೇ ಎನಿಸಿತು.

“ಇದೇ ಅತ್ತೆ. ಎಲ್ಲಿಂದಲೋ ಬಂದದ್ದು ಅಂತಾರೆ. ಮೊದಲು ಚಹಾ ಗಿಡಕ್ಕೆ ಬಿತ್ತು, ಆಮೇಲೆ ನೆರಳಿನ ಮರಕ್ಕೆ. ಈಗ ಗಟ್ಟಿ ಮರಗಳನ್ನೂ ಬಿಡೋದಿಲ್ಲ. ತಮಾಷೆ ಏನು ಗೊತ್ತಾ, ಇದು ಮರ ತಿನ್ನೋದಿಲ್ಲ. ಕೊರೆದು ದಾರಿ ಮಾಡಿ ಒಳಗೆ ಬೂಷ್ಟು ಬೆಳೆಸ್ತದೆ. ಮರಿಗಳು ತಿನ್ನೋದು ಆ ಬೂಷ್ಟನ್ನ. ಹೊಸ ಮರಕ್ಕೆ ಹೋಗುವಾಗ ತಾಯಿಹುಳ ಹಳೇ ಮನೆಯ ಬೂಷ್ಟು ಒಂಚೂರು ಜೊತೇಲಿ ಹೊತ್ಕೊಂಡು ಹೋಗ್ತದೆ.”

“ಹೆಪ್ಪು ತಗೊಂಡು ಹೋದ ಹಾಗೆ” ಎಂದೆ.

ಅಳಿಯ ನಕ್ಕ. ನಾನು ನಗಲಿಲ್ಲ. ನನ್ನ ಟ್ರಂಕಿನ ಬಟ್ಟೆ ತುಂಡು ನೆನಪಾಯಿತು. ಆ ಹುಳುವೂ ನನ್ನ ಹಾಗೇ ಮಕ್ಕಳ ಹೊಟ್ಟೆಗೆಂದು ಕಟ್ಟಿಕೊಂಡು ಹೊರಟದ್ದು. ಅದು ಹೋದ ಕಡೆ ಮರ ಸಾಯುತ್ತದೆ, ಅಷ್ಟೇ ವ್ಯತ್ಯಾಸ. ಅದನ್ನು ಕಾಲಲ್ಲಿ ಹೊಸಕುವಾಗ ನಾರಾಯಣ ಎಂದೆ.

ಇದಕ್ಕೆ ತೋಟದಲ್ಲಿ ಇದ್ದ ಔಷಧಿ ಬೆಂಕಿಯೊಂದೇ. ತೂತು ಬಿದ್ದ ಮರ ಯಾವುದೇ ಆಗಲಿ, ಸೌದೆಯಾಗಲಿ ಮಂಚವಾಗಲಿ ಒನಕೆಯಾಗಲಿ, ಸುಡಬೇಕೆಂದು ದೊರೆಯ ಹುಕುಂ. ಆಳುಗಳ ಸಾಲುಮನೆಗಳಿಗೆ ಹೋಗಿ ಹುಡುಕಿ ಸುಡಿಸುವ ಕೆಲಸ ನಮ್ಮ ಅಳಿಯನದು. ಗುಡ್ಡದ ಯಾವುದಾದರೊಂದು ಮೂಲೆಯಲ್ಲಿ ಯಾವಾಗಲೂ ಹೊಗೆ ಏಳುತ್ತಿರುತ್ತಿತ್ತು.

ವೀರಮ್ಮ

ಪದ್ಮನ ಹೆರಿಗೆಗೆ ಒತ್ತಾಸೆಯಾಗಿ ಸಾಲುಮನೆಯಿಂದ ವೀರಮ್ಮ ಎಂಬವಳು ಬರುತ್ತಿದ್ದಳು. ಅವಳ ಹಿರಿಯರು ಮಧುರೆ ಕಡೆಯ ತೆಲುಗರು. ನನ್ನದು ಪಾವಗಡದ ತೆಲುಗು. ಅವಳ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ, ನನ್ನ ಅರ್ಧ ಮಾತಿಗೆ ಅವಳು ನಗುತ್ತಿದ್ದಳು. ಆದರೂ ಒಲೆಯ ಮುಂದೆ ಕೂತರೆ ನಮ್ಮ ಮಾತು ಮುಗಿಯುತ್ತಿರಲಿಲ್ಲ. ದೇವರು ದೊಡ್ಡವನು, ಅಷ್ಟು ದೂರದಲ್ಲಿ ನನಗೊಂದು ಭಾಷೆ ಇಟ್ಟಿದ್ದ.

ಒಂದು ದಿನ ಅವಳು ತೊಟ್ಟಿಲಿನ ಅಂಚನ್ನು ಸವರುತ್ತಾ, “ನಾ ಮಂಚಂ ಕೂಡಾ ಇಟ್ಲೇ ಉಂಡೇದಮ್ಮಾ” ಎಂದಳು. ತನ್ನ ಮಂಚವೂ ಹೀಗೇ ಇತ್ತು ಎಂದು. ಮದುವೆಯಲ್ಲಿ ಅವಳ ಅಪ್ಪ ಹೊಲದ ಬೇವಿನಿಂದ ಮಾಡಿಸಿ ಸಮುದ್ರ ದಾಟಿಸಿ ಕಳಿಸಿದ್ದ ಮಂಚ. ಅವಳ ನಾಲ್ಕು ಮಕ್ಕಳೂ ಹುಟ್ಟಿದ್ದು ಅದರ ಮೇಲೆ. ಹೋದ ಮಳೆಗಾಲದಲ್ಲಿ ಅದರ ಕಾಲಿನಲ್ಲಿ ತೂತು ಕಂಡಿತು. ಸುಟ್ಟರು.

ಯಾರು ಸುಟ್ಟರೆಂದು ನಾನು ಕೇಳಲಿಲ್ಲ. ಅವಳೇ, “ಅಯ್ಯ ಏಂ ಚೇಸ್ತಾರು, ಆಯನ ಪನಿ ಅದಿ” ಎಂದಳು. ಅವರೇನು ಮಾಡಿಯಾರು, ಅವರ ಕೆಲಸವೇ ಅದು. ಬೇಸರದ ದನಿಯಲ್ಲಿ ಅಲ್ಲ, ನನ್ನನ್ನು ಸಮಾಧಾನಪಡಿಸುವಂತೆ ಹೇಳಿದಳು.

ಅದೇ ವಾರ ಮೊಮ್ಮಗಳು ಹುಟ್ಟಿದಳು. ಮೈತುಂಬ ಕೂದಲು, ಮುಷ್ಟಿ ಬಿಚ್ಚುತ್ತಿರಲಿಲ್ಲ. ಪದ್ಮನ ಕಾಲಿನ ಊತ ದಿನದಿನಕ್ಕೆ ಇಳಿಯಿತು. ನಾನು ಹರಸಿಕೊಂಡಿದ್ದ ದೇವರುಗಳನ್ನೆಲ್ಲ ಬೆರಳು ಮಡಿಸಿ ನೆನೆಸಿಕೊಂಡೆ, ಕೈ ಸಾಲಲಿಲ್ಲ.

ನೆಲದ ಮೇಲಿನ ಹಿಟ್ಟು

ಹೆಸರಿಡುವುದಕ್ಕೆ ಹಿಂದಿನ ದಿನ ಬೆಳಿಗ್ಗೆ ಮುಂದಿನ ಕೋಣೆ ಗುಡಿಸುತ್ತಿದ್ದೆ. ತೊಟ್ಟಿಲ ಕೆಳಗೆ ಒಂದು ಚಿಟಿಕೆ ಬಿಳಿ ಪುಡಿ ಬಿದ್ದಿತ್ತು. ಬಾಗಿಲಿಗೆ ಎಳೆದ ರಂಗೋಲಿಯ ಪುಡಿ ಗಾಳಿಗೆ ಬಂದಿರಬೇಕೆಂದು ಗುಡಿಸಿದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಅಷ್ಟೇ ಪುಡಿ.

ಬಗ್ಗಿ ತಳ ಸವರಿದೆ. ಬೆರಳ ತುದಿಗೆ ತೂತು ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು.

ನರಸಿಂಹನನ್ನು ಕರೆದು ತೋರಿಸಿದೆ. ಅವನೂ ಬೆರಳಿಟ್ಟು ನೋಡಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. “ಒಂದು ಬಟ್ಟೆ ತಗೊಂಡು ಒರ್ಸ್ಬುಡು ಅಕ್ಕ. ತೂತಿಗೆ ಮೇಣ ತುಂಬೋಣ. ತೊಟ್ಲ ತಳಾನ ಯಾರು ಬಗ್ಗಿ ನೋಡ್ತಾರೆ? ನಾಳೆ ಒಂದು ದಿನ ಕಳೀಲಿ.”

ಒಳಗಿನಿಂದ ಪದ್ಮ, “ಅಮ್ಮಾ, ಅವರಿಗೆ ಹೇಳಬೇಡಮ್ಮ” ಎಂದಳು. ಅವಳು ಹುಟ್ಟಿದಾಗಿನಿಂದ ಕಂಡ ತೊಟ್ಟಿಲು. ಮಗಳನ್ನು ಅದರಲ್ಲಿ ಹಾಕಿ ಒಂದು ಸಲ ತೂಗಬೇಕೆಂದು ಎಷ್ಟು ದಿನದಿಂದ ಕಾದಿದ್ದಳು.

ಅಳಿಯ ಆಗಲೇ ಬಾಗಿಲಲ್ಲಿ ನಿಂತಿದ್ದ. ನೆಲದ ಮೇಲಿನ ಪುಡಿಯನ್ನು ನೋಡಿದ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಿರುಗಿ ಹಿತ್ತಿಲಿಗೆ ಹೋಗಿ ಹಲಸಿನ ಮರದ ಕೆಳಗೆ ನಿಂತ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಸುಡೋಣವೆಂದರೆ ಹೆಂಡತಿಯ ತವರಿನ ನಾಲ್ಕು ತಲೆಯ ತೊಟ್ಟಿಲು. ಸುಡಬೇಡವೆಂದರೆ ನಾಳೆ ಯಾವ ಮುಖ ಹೊತ್ತು ಸಾಲುಮನೆಗೆ ಹೋಗಿ ಇನ್ನೊಬ್ಬಳ ಮಂಚ ಹೊರಗೆಳೆಸುವುದು? ಬಡಪಾಯಿ ಹುಡುಗ.

ಅವನ ಬಾಯಿಂದ ಸುಡುವ ಮಾತು ಆಡಿಸಬಾರದು ಎಂದು ನನಗನ್ನಿಸಿತು. ವೀರಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳ ಮಂಚವನ್ನು ಅವಳ ಕಣ್ಣೆದುರೇ ಹೊತ್ತುಕೊಂಡು ಹೋದರು. ನನ್ನ ತೊಟ್ಟಿಲು ಅದಕ್ಕಿಂತ ಹೆಚ್ಚಿನದೇನು? ಊರಿಗೆ ವಾಪಸು ಒಯ್ಯೋಣವೆಂದರೆ ನಮ್ಮ ಬೆಟ್ಟದ ಬುಡದ ಹೊನ್ನೆ, ಹೊಂಗೆ, ಹುಣಸೆ ಕಣ್ಣ ಮುಂದೆ ಬಂದವು. ಇದ್ದ ಊರಿನ ಮರವೂ ಉಳಿಯಬೇಕು, ಬಂದ ಊರಿನ ಮರವೂ ಉಳಿಯಬೇಕು. ನಡುವೆ ಉಳಿಯುವುದು ಬೆಂಕಿಯೊಂದೇ.

“ನರಸಿಂಹ, ಸರಪಣಿ ಬಿಚ್ಚು” ಎಂದೆ.

“ಅಕ್ಕ, ಅತ್ತೆಮ್ಮಂಗೆ ಏನು ಹೇಳ್ತೀಯ?”

“ಹೋಗಿ ಹೇಳ್ತೀನಿ. ಮೊದ್ಲು ಬಿಚ್ಚು.”

ಬಿಚ್ಚಿದ. ಎತ್ತಲು ಬಗ್ಗಿದವನು ಹಾಗೇ ನಿಂತ. ನಾನೂ ನಿಂತೆ. ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ತೊಟ್ಟಿಲು ಬರಿದಾಗಿ ಹೊಸ್ತಿಲು ದಾಟಬಾರದು. ಬೆಂಕಿಗೆ ಹೋಗುವಾಗಲೂ ದಾಟಬಾರದೇ ಎಂದು ಕೇಳಲು ಅಲ್ಲಿ ಅತ್ತೆ ಇರಲಿಲ್ಲ. ಇದ್ದಿದ್ದರೆ ಏನನ್ನುತ್ತಿದ್ದರೆಂದು ನನಗೆ ಗೊತ್ತಿತ್ತು.

ದೇವರ ಗೂಡಿನ ಕೆಳಗಿಂದ ಗುಂಡುಕಲ್ಲನ್ನು ತಂದು, ಹೊಸದಾಗಿ ಕುಂಕುಮವಿಟ್ಟು, ಬಟ್ಟೆ ಸುತ್ತಿ ಮಲಗಿಸಿದೆ. ನರಸಿಂಹ ಒಂದು ಕಡೆ, ಹಿತ್ತಿಲಿಂದ ಬಂದ ಅಳಿಯ ಒಂದು ಕಡೆ ಹಿಡಿದರು. ಕೂಸನ್ನು ಎದೆಗವಚಿಕೊಂಡು ಪದ್ಮ ಬಾಗಿಲವರೆಗೆ ಬಂದಳು. ಅಂಚಿನ ಹಲ್ಲಿನ ಗುರುತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಗುಡ್ಡದ ಇಳಿಜಾರಿನಲ್ಲಿ ಕಡಿದ ಕೊಂಬೆಗಳ ಬೆಂಕಿ ಆಗಲೇ ಹತ್ತಿತ್ತು. ಸಾಲುಮನೆಯ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ರೈಟರ ಮನೆಯಿಂದ ಸಾಮಾನು ಬೆಂಕಿಗೆ ಬಂದದ್ದನ್ನು ಅವರು ಕಂಡದ್ದು ಅದೇ ಮೊದಲು. ತೊಟ್ಟಿಲನ್ನು ನೆಲಕ್ಕಿಟ್ಟೆವು. ಈಗ ಕಲ್ಲನ್ನು ತೆಗೆಯಬೇಕು. ತೆಗೆದು ಎಲ್ಲಿಡುವುದು? ಮಗುವೆಂದು ಕರೆದದ್ದನ್ನು ಬೂದಿಯ ನೆಲದ ಮೇಲೆ ಇಡಲು ಕೈ ಬರಲಿಲ್ಲ. ಎತ್ತಿ ಹಿಡಿದು ಸುಮ್ಮನೆ ನಿಂತುಬಿಟ್ಟೆ.

ಆ ಹೆಂಗಸರ ಗುಂಪಿನಿಂದ ವೀರಮ್ಮ ಬಂದಳು. ನಮ್ಮ ಶಾಸ್ತ್ರವನ್ನು ನಾನು ಒಲೆಯ ಮುಂದೆ ಅವಳಿಗೆ ಹೇಳಿದ್ದೆ. ಎರಡು ಕೈಯಲ್ಲಿ ಸೆರಗು ಚಾಚಿದಳು.

“ಇಟು ಇವ್ವಮ್ಮಾ” ಎಂದಳು. ಇಲ್ಲಿ ಕೊಡಮ್ಮ ಎಂದು.

ಅವಳ ಸೆರಗಿಗೆ ಕೊಟ್ಟೆ. ಅವಳು ಅದನ್ನು ತನ್ನ ಕೂಸಿನ ಹಾಗೆ ತೋಳಿನ ಮೇಲೆ ಮಲಗಿಸಿಕೊಂಡು, ಬೆಂಕಿಗೆ ಬೆನ್ನು ಮಾಡಿ ನಿಂತಳು. ಕೊರಟಗೆರೆಯ ಬೆಲ್ಲದ ಅಂಟು ಇನ್ನೂ ತೊಟ್ಟಿಲ ಮೂಲೆಯಲ್ಲಿತ್ತು. ಹೊನ್ನೆ ಬೇಗ ಹತ್ತಿಕೊಳ್ಳಲಿಲ್ಲ. ಹತ್ತಿದ ಮೇಲೆ ಚೆನ್ನಾಗಿ ಉರಿಯಿತು.

ಅಳಿಯ ನನ್ನ ಕಾಲಿಗೆ ಬಗ್ಗಿದ. ಅವನ ಬೆನ್ನು ಸವರಿ, “ಮಳೆ ಬರೋಹಾಗಿದೆ, ನಡಿಯಪ್ಪ” ಎಂದೆ.

ಮಾರನೆಯ ದಿನ ವೀರಮ್ಮ ಒಗೆದು ಒಗೆದು ಮೆತ್ತಗಾದ ಒಂದು ಹಳೇ ಸೀರೆ ತಂದಳು. ಅವಳ ಮಕ್ಕಳೆಲ್ಲ ತೂಗಿಸಿಕೊಂಡ ಜೋಲಿಯ ಸೀರೆಯಂತೆ. ನಮ್ಮ ತೊಟ್ಟಿಲಿನ ಸರಪಣಿಗೇ ಅದನ್ನು ಕಟ್ಟಿದೆವು. ಕಬ್ಬಿಣಕ್ಕೆ ಯಾವ ಹುಳವೂ ಬೀಳುವುದಿಲ್ಲವಲ್ಲ. ಮೊದಲು ಕಲ್ಲು ಮಲಗಿತು, ಆಮೇಲೆ ಕೂಸು. ವೆಂಕಟಲಕ್ಷ್ಮಿ ಎಂದು ಹೆಸರಿಟ್ಟೆವು. ಮೊದಲ ತೂಗು ತೂಗಲು ಪದ್ಮ ವೀರಮ್ಮನ ಕೈ ಹಿಡಿದು ಎಳೆದಳು. ವೀರಮ್ಮ ಹಾಡಿದ ಜೋಗುಳ ನನಗೆ ಒಂದು ಸಾಲೂ ತಿಳಿಯಲಿಲ್ಲ. ಕೂಸಿಗೆ ತಿಳಿಯಿತು, ನಿದ್ದೆ ಹೋಯಿತು.

ಮತ್ತೆ ಮಧುಗಿರಿ

ಬಾಣಂತನ ಮುಗಿಸಿ ಹೊರಟಾಗ ನರಸಿಂಹ ಕಲ್ಲಿನ ಗಂಟು ನೋಡಿ, “ತೊಟ್ಲೇ ಇಲ್ಲ, ಇನ್ನು ಇದ್ಯಾಕಕ್ಕ? ಸಮುದ್ರಕ್ಕೆ ಬುಟ್ಬುಡೋಣ” ಎಂದ. ಆದರೂ ಬರುವಾಗ ನನ್ನನ್ನು ಅದನ್ನು ಮುಟ್ಟಲೂ ಬಿಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಬಂದ.

ಊರಿಗೆ ಬಂದ ದಿನ ಪ್ಯಾರು ಸಾಹೇಬರು ನಮ್ಮ ಜಗುಲಿಯಲ್ಲೇ ಇದ್ದರು. ತೊಟ್ಟಿಲ ಕಥೆ ಕೇಳಿ ಬಹಳ ಹೊತ್ತು ಗಡ್ಡ ನೀವಿಕೊಂಡರು. “ಒಣಗಿದ ಹೊನ್ನೆಗೆ ಆ ಹಸಿಮರದ ಹುಳಾನೇ ಬಿತ್ತೋ, ಥಂಡಿಗೆ ಬೀಳೋ ಬ್ಯಾರೆ ಹುಳಾನೋ, ಯಾರು ಕಂಡವ್ರೆ ಅಮ್ಮಾ. ನಾನಿದ್ದಿದ್ರೆ ಒಡೆದು ನೋಡ್ತಿದ್ದೆ” ಎಂದರು.

ಇರಬಹುದು. ವೀರಮ್ಮನ ಮಂಚಕ್ಕೆ ಬಿದ್ದದ್ದು ಯಾವ ಹುಳವೆಂದೂ ಯಾರೂ ಒಡೆದು ನೋಡಿರಲಿಲ್ಲ.

ಅತ್ತೆಯವರು ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು. ನಾನು ಹೋಗಿ ಅವರ ಕಾಲ ಬಳಿ ಕೂತೆ. ಮಾತು ಎಲ್ಲಿಂದ ತೆಗೆಯುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು. ಜಗುಲಿಯ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು, ಬೇರೇನೂ ಕೇಳಲಿಲ್ಲ.

“ಬರಿದಾಗಿ ಹೋಯ್ತೇನೇ?” ಎಂದರು.

“ಇಲ್ಲ ಅತ್ತೆ. ಗುಂಡನ್ನ ಇಟ್ಟೇ ಕಳಿಸ್ದೆ. ಅಲ್ಲಿ ಒಬ್ಬಳು ತಾಯಿ ಸೆರಗಲ್ಲಿ ಇಸ್ಕೊಂಡ್ಳು.”

ಅತ್ತೆ ಕಣ್ಣು ಮುಚ್ಚಿದರು. ಒಂದು ಹನಿ ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. “ಅಂಗಾದ್ರೆ ಸರಿ ಬುಡು” ಎಂದರು. ಆಮೇಲೆ ಅಡಿಗೆಮನೆ ಕಡೆ ಕತ್ತು ತಿರುಗಿಸಿ, “ಉದ್ದು ನೆನೆಹಾಕಿವ್ನಿ. ನಿನ್ ಗಂಡ ರೊಟ್ಟಿ ಮಖ ನೋಡಿದ್ರೆ ಮಖ ತಿರುಗಿಸ್ತಾನೆ” ಎಂದರು.

ಗಂಟು ಬಿಚ್ಚಿ, ಗುಂಡುಕಲ್ಲಿನ ಕುಂಕುಮ ತೊಳೆದೆ. ಇಷ್ಟು ದಿನ ಬಾಯಿ ತೆರೆದುಕೊಂಡು ಕಾದಿದ್ದ ಒರಳಿನೊಳಗೆ ಅದನ್ನು ಇಳಿಸಿ, ಒಂದು ಹಿಡಿ ಉದ್ದು ಹಾಕಿ, ನೀರು ಚಿಮುಕಿಸಿ ರುಬ್ಬಲು ಕೂತೆ.